ಹದಿನೇಳನೆಯ ಪ್ರಶ್ನೆ

ಇಪ್ಪತ್ತೆರಡು ವರ್ಷದಿಂದ ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದುಕೊಂಡಿದ್ದೇನೆ. ಸೋಪಿನ ವಾಸನೆ ಹಿಡಿಸಿತೇ, ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಮನೆಗೆ ಎಷ್ಟು ಕಿಟಕಿ, ಹಲ್ಲುನೋವು ಬಂದರೆ ಯಾರ ಹತ್ತಿರ ಹೋಗುತ್ತೀರಿ. ಮೆಟ್ಟಿಲು ಹತ್ತಿ ಇಳಿದು ಎಡಮಂಡಿ ಕೈಕೊಟ್ಟಿದೆ. ನನ್ನನ್ನು ಮಾತ್ರ ಯಾರೂ ಏನೂ ಕೇಳಿದ್ದಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು. ಅವಳು ಕೇಳುವುದೂ ಒಂದೇ: "ಇವತ್ತಾದ್ರೂ ಬೇಗ ಬರ್ತೀರಾ?"

ಈ ಸಲದ ಸಮೀಕ್ಷೆಯ ಹೆಸರು ಒಂದೇ ಉಸಿರಿನಲ್ಲಿ ಹೇಳುವಂಥದ್ದಲ್ಲ. 'ಗಡಿಯಾಚೆಗಿನ ಮಾಹಿತಿ ಗೌಪ್ಯತಾ ಕಾರ್ಯಕ್ರಮಗಳು ಉದ್ದಿಮೆಗಳ ರಫ್ತಿಗೆ ಹೇಗೆ ನೆರವಾಗುತ್ತಿವೆ'. ಮನೆಯಲ್ಲಿ ಓದಿ ಹೇಳಿದಾಗ ಹೆಂಡತಿ, "ರೀ, ನೀವು ಇದನ್ನ ಹೇಳಿ ಮುಗಿಸೋಷ್ಟರಲ್ಲಿ ಅವ್ರು ಬಾಗಿಲು ಹಾಕ್ಕೊಂಡು, ಊಟ ಮುಗಿಸಿ, ಒಂದು ನಿದ್ದೆ ತೆಗ್ದಿರ್ತಾರೆ" ಎಂದಳು.

ವಿಷಯ ಮಾತ್ರ ಹೆಸರಿನಷ್ಟು ಕಠಿಣವಲ್ಲ. ಬೇರೆ ದೇಶದ ಗಿರಾಕಿಯ ಹೆಸರು, ಫೋಟೊ, ಕಾಯಿಲೆ ಕಸಾಲೆ ನಮ್ಮ ಊರಿನ ಕಾರ್ಖಾನೆಗೆ ಬಂದರೆ ಅದನ್ನು ಕಂಡಕಂಡವರ ಕೈಗೆ ಸಿಗದಂತೆ ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಳ್ಳುತ್ತೇವೆಂದು ತೋರಿಸಿದವರಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದನ್ನು ನೋಡಿ ಹೊರದೇಶದವರು ನಂಬಿ ಕೆಲಸ ಕೊಡುತ್ತಾರೆ, ಮಾಲು ಹಡಗು ಹತ್ತುತ್ತದೆ. ಇದು ನಿಜವಾಗಿ ಹೀಗೇ ನಡೆಯುತ್ತಿದೆಯೇ ಎಂದು ಇಲಾಖೆಗೆ ತಿಳಿಯಬೇಕಿತ್ತು. ಜೊತೆಗೆ ಇನ್ನೊಂದು ಮಾತೂ ಇತ್ತು. ಹತ್ತು ಜನಕ್ಕಿಂತ ಕಡಿಮೆ ಇರುವ ಸಣ್ಣ ಘಟಕಗಳಿಗೆ ಈ ನಿಯಮ ಹೊರಲಾರದ ಹೊರೆಯಾಗಿದ್ದರೆ ಅವಕ್ಕೆ ವಿನಾಯಿತಿ ಕೊಡುವ ಯೋಚನೆಯಿತ್ತು. ಅದಕ್ಕಾಗಿಯೇ ಹದಿನೇಳನೆಯ ಪ್ರಶ್ನೆ: 'ನಿಯಮಗಳನ್ನು ಪೂರ್ತಿಯಾಗಿ ಪಾಲಿಸಲು ನಿಮಗೆ ಆಗುತ್ತಿದೆಯೇ? ಹೌದು, ಇಲ್ಲ.' ಇಲ್ಲ ಎಂದವರಿಗೆ ಮಾತ್ರ ಹದಿನೆಂಟನೆಯದು: 'ಏಕೆ?'

ಊರಿನಲ್ಲಿ ಅಂಥ ಸಣ್ಣ ಘಟಕಗಳು ಹನ್ನೊಂದು. ಕೇಳಲು ನಾವು ಮೂವರು. ನಾನು, ಶಾಲೆಯಿಂದ ನಿವೃತ್ತಿಯಾದ ಮೇಲೂ ಕೆಂಪು ಪೆನ್ನು ಬಿಡದ ಟೀಚರಮ್ಮ, ಮತ್ತೆ ಯಾವತ್ತೂ ಹೊತ್ತಿಗೆ ಸರಿಯಾಗಿ ಬಾರದ್ದಕ್ಕೇ ನಾವು ಗಡಿಯಾರ ಎಂದು ಕರೆಯುತ್ತಿದ್ದ ದಪ್ಪ ಮನುಷ್ಯ. ಮೊದಲ ದಿನವೇ ಮೇಲ್ವಿಚಾರಕಿ ಮೇಡಂ ನಮ್ಮಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಒಬ್ಬರ ಫಾರಂ ಇನ್ನೊಬ್ಬರು ನೋಡಬಾರದು. ಯಾರು ಏನು ಹೇಳಿದರೆಂದು ನಮ್ಮ ನಮ್ಮಲ್ಲೂ ಆಡಿಕೊಳ್ಳಬಾರದು. ಗೌಪ್ಯತೆಯ ಸಮೀಕ್ಷೆ ತಾನೆ, ನಾವೇ ಬಾಯಿ ಹರಿಬಿಟ್ಟರೆ ಹೇಗೆ? ಹಾಗಾಗಿ ಮೂವರೂ ಒಂದೇ ಮೇಜಿನ ಸುತ್ತ ಕೂತು, ಪರೀಕ್ಷೆಯಲ್ಲಿ ಕೂತ ಮಕ್ಕಳ ಹಾಗೆ ಕೈ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದೆವು.

ದೊಡ್ಡ ಕಂಪನಿಗಳಲ್ಲಿ ಒಳ್ಳೆಯ ಕುರ್ಚಿ ಕೊಟ್ಟು, ತಣ್ಣೀರು ಕೊಟ್ಟು, 'ಸಂಪೂರ್ಣವಾಗಿ ಒಪ್ಪುತ್ತೇವೆ' ಎಂದು ಸಾಲಾಗಿ ಗುರುತು ಹಾಕಿ ಕಳಿಸಿದರು. ಸಣ್ಣವರ ಕಥೆ ಬೇರೆ. ಒಬ್ಬ, "ರಫ್ತು ಹೆಚ್ಚಾಯ್ತೋ ಇಲ್ವೋ ಗೊತ್ತಿಲ್ಲ, ಗೋಡೇಲಿ ಒಂದು ಮೊಳೆ ಅಂತೂ ಹೆಚ್ಚಾಯ್ತು" ಎಂದು ಪ್ರಮಾಣಪತ್ರ ತೋರಿಸಿದ. ಇನ್ನೊಬ್ಬ ನಾಳೆ ಬನ್ನಿ ಎಂದು ಐದು ನಾಳೆ ನಡೆಸಿದ. ನನಗೆ ಬೇಸರವೂ ಆಗುತ್ತಿರಲಿಲ್ಲ. ಬೇಸರಪಡುವುದಕ್ಕೂ ಸ್ವಲ್ಪ ಕಸುವು ಬೇಕು.

ನನ್ನ ಪಾಲಿನ ನಾಲ್ಕು ಸಣ್ಣ ಘಟಕಗಳಲ್ಲಿ ಕೊನೆಯದು ಕಣ್ಣು ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ಎರಡನೇ ಮಹಡಿಯ ಮೂರು ಕೋಣೆ, ಒಂಬತ್ತು ಜನ. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ ಕೂರಿಸುವ ಕೃತಕ ಕಣ್ಣು ಅಲ್ಲಿ ತಯಾರಾಗುತ್ತದೆ. ಪಾಲಿಶ್ ಪುಡಿಯ ವಾಸನೆ, ಸಣ್ಣ ಯಂತ್ರದ ಗುಯ್‌ಗುಡುವ ಸದ್ದು, ಗೋಡೆಯುದ್ದಕ್ಕೂ ತಟ್ಟೆಗಳು. ಒಳಗೆ ಕಾಲಿಟ್ಟರೆ ಇನ್ನೂರು ಕಣ್ಣು ನಮ್ಮನ್ನೇ ನೋಡುತ್ತವೆ, ಒಂದಕ್ಕೂ ಕಾಣಿಸುವುದಿಲ್ಲ. ಸರಕಾರಿ ಕಚೇರಿಗಳಲ್ಲಿ ಇದರ ಅಭ್ಯಾಸವಾಗಿದ್ದರಿಂದ ನನಗೆ ಅಂಥ ಮುಜುಗರವಾಗಲಿಲ್ಲ.

ಅದನ್ನು ನಡೆಸುವ ಹೆಂಗಸಿಗೆ ನಲವತ್ತೈದರ ಆಸುಪಾಸು. ಬೀದಿಯವರೆಲ್ಲ ಅವಳನ್ನು ಕಣ್ಣಿನಕ್ಕ ಎನ್ನುತ್ತಾರೆ. ನಾನು ಹೋದಾಗ ಕನ್ನಡಕ ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಕೂರಿಸಿ, ಯಂತ್ರ ನಿಲ್ಲಿಸಲು ಹೇಳಿ, ಒಂದೊಂದು ಪ್ರಶ್ನೆಗೂ ಯೋಚಿಸಿ ಉತ್ತರ ಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಅಂಥವರು ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ.

"ರಫ್ತು ಹೆಚ್ಚಾಗಿದೆ ಅಂತ ಬರ್ಕೊಳ್ಳಿ, ಅದು ಸುಳ್ಳಲ್ಲ. ಮೂರು ಆಸ್ಪತ್ರೆಯವರು ಪ್ರಮಾಣಪತ್ರ ನೋಡಿಯೇ ಕೆಲಸ ಕೊಟ್ಟಿದ್ದು. ಅದು ಹೋದ್ರೆ ಅವರೂ ಹೋದ್ರು, ಅವ್ರು ಹೋದ್ರೆ ಈ ಒಂಬತ್ತು ಜನರೂ ಮನೆಗೆ."

ಹದಿನೇಳನೆಯ ಪ್ರಶ್ನೆಗೆ ಬಂದಾಗ ಅವಳು ಕಿಟಕಿಯ ಕಡೆ ನೋಡಿದಳು. ಕಿಟಕಿಯ ಪಕ್ಕದ ಮೇಜಿನಲ್ಲಿ ಒಬ್ಬ ಮುದುಕರು ಕೂದಲೆಳೆಯಂಥ ಕುಂಚ ಹಿಡಿದು ಕಣ್ಣಿನ ಪಾಪೆಗೆ ಬಣ್ಣ ಹಾಕುತ್ತಿದ್ದರು. ಅವಳ ಸೋದರಮಾವ. ಎಪ್ಪತ್ತೊಂದು ವರ್ಷ, ಅದರಲ್ಲಿ ಐವತ್ತು ವರ್ಷ ಬರೀ ಕಣ್ಣು ಬರೆದದ್ದು.

"ಮೊದಲೆಲ್ಲ ರೋಗಿಯ ಪೂರ್ತಿ ಫೋಟೊ ಗೋಡೆಗೆ ಅಂಟಿಸ್ಕೊಂಡು ಮಾಡ್ತಿದ್ವಿ. ಈಗ ಮುಖ ಇಡೋ ಹಾಗಿಲ್ಲ. ಉಳಿದ ಒಂದು ಕಣ್ಣನ್ನಷ್ಟೇ ಕತ್ತರಿಸಿ, ಹೆಸರು ತೆಗ್ದು, ನಂಬರ್ ಹಾಕಿ ಮಾವನಿಗೆ ಕೊಡ್ಬೇಕು. ಹಾಗೆ ಕೊಟ್ಟು ಮಾಡಿದ್ರಲ್ಲಿ ಆರು ವಾಪಸ್ ಬಂದ್ವು."

ಮಾವ ತಲೆ ಎತ್ತದೆಯೇ ಹೇಳಿದರು: "ಬಣ್ಣ ಸಿಗುತ್ತೆ ಸ್ವಾಮಿ, ನೋಟ ಸಿಗಲ್ಲ. ಆ ಮನುಷ್ಯ ನಗುವವನೋ, ಸಿಡುಕನೋ, ರೆಪ್ಪೆ ಎಷ್ಟು ಇಳಿಬಿಟ್ಟಿರ್ತಾನೋ, ಮುಖ ನೋಡ್ದೆ ನಂಗೆ ಹೇಗೆ ಗೊತ್ತಾಗ್ಬೇಕು? ಮಗು ಕಣ್ಣನ್ನ ಮುದುಕನಿಗೆ ಹಾಕಿದ ಹಾಗಾಗುತ್ತೆ."

ಕಣ್ಣಿನಕ್ಕ ಮೇಜಿನ ಕೆಳಗಿನ ಖಾನೆ ಎಳೆದು ತೋರಿಸಿದಳು. ಒಳಗೆ ಫೋಟೊಗಳು, ಪೂರ್ತಿ ಮುಖಗಳು. "ಕಣ್ಣು ತಯಾರಾದ ದಿನ ನಾನೇ ಹರಿದು ಹಾಕ್ತೀನಿ. ಅಲ್ಲೀವರೆಗೆ ಇಲ್ಲಿರುತ್ತೆ. ನಿಯಮದ ಪ್ರಕಾರ ಇದು ತಪ್ಪು. ಇಲ್ಲ ಅಂತಲೇ ಬರ್ಕೊಳ್ಳಿ."

ನಾನು ಪೆನ್ನು ಎತ್ತಿ ಹಿಡಿದೆ. "ಯೋಚನೆ ಮಾಡಿ ಅಮ್ಮ. ಎಲ್ರೂ ಹೌದು ಅಂತಲೇ ಬರೆಸ್ತಾರೆ."

"ಬರೆಸ್ಲಿ. ಎಲ್ರೂ ಹೌದು ಅಂದ್ರೆ ವಿನಾಯಿತಿ ಯಾಕೆ ಕೊಡ್ತಾರೆ? ಮುಂದಿನ ತಿಂಗಳು ಪ್ರಮಾಣಪತ್ರದ ನವೀಕರಣಕ್ಕೆ ಪರಿಶೀಲನೆಯವರು ಬರ್ತಾರೆ. ಅಷ್ಟರಲ್ಲಿ ವಿನಾಯಿತಿ ಸಿಕ್ರೆ ಈ ಖಾನೆ ಕದ್ದು ಇಡೋದು ತಪ್ಪುತ್ತೆ, ಮಾವ ಇರೋವರೆಗೂ ಮಾವನೇ ಬರೀತಾರೆ. ಇಲ್ದಿದ್ರೆ ಇವ್ರ ಕೈಯಿಂದ ಕುಂಚ ಕಿತ್ಕೋಬೇಕು ನಾನು." ಆಮೇಲೆ ನನ್ನ ಮುಖ ನೋಡಿ ಕೇಳಿದಳು. "ನಮ್ಮ ಹೆಸರು ಹೊರಗೆ ಬರಲ್ಲ ತಾನೆ?"

"ತಲೆ ಮೇಲೆ ತಲೆ ಬಿದ್ರೂ ಬರಲ್ಲ" ಎಂದೆ. ಇಲ್ಲ ಎಂಬಲ್ಲಿ ಗುರುತು ಹಾಕಿದೆ. ಏಕೆ ಎಂಬಲ್ಲಿ, 'ಬಣ್ಣ ಹಾಕುವವರು ರೋಗಿಯ ಮುಖ ನೋಡಲೇಬೇಕು' ಎಂದು ಅವಳ ಮಾತನ್ನೇ ಬರೆದುಕೊಂಡೆ.

ಹನ್ನೆರಡು ದಿನದ ನಂತರ ಮೇಡಂ ಕರಡು ವರದಿಯ ಪ್ರತಿಯನ್ನು ನಮ್ಮ ನಮ್ಮ ಮೇಜಿಗೆ ಕಳಿಸಿದರು, ಅಂಕಿ ತಪ್ಪಿದ್ದರೆ ನೋಡಿಕೊಳ್ಳಿ ಎಂದು. ಸಣ್ಣ ಘಟಕಗಳ ಕೋಷ್ಟಕದಲ್ಲಿ ಹದಿನೇಳನೆಯ ಪ್ರಶ್ನೆಯ ಎದುರು ಹೌದು ಹತ್ತು, ಇಲ್ಲ ಒಂದು ಎಂದಿತ್ತು. ಅದರ ಕೆಳಗೇ ಸಣ್ಣ ಅಕ್ಷರದಲ್ಲಿ, 'ಇಲ್ಲ ಎಂದ ಘಟಕ ನೀಡಿದ ಕಾರಣ: ಬಣ್ಣ ಹಾಕುವವರು ರೋಗಿಯ ಮುಖ ನೋಡಲೇಬೇಕು.'

ಹೆಸರಿಲ್ಲ, ವಿಳಾಸವಿಲ್ಲ. ಆದರೆ ಈ ಊರಿನಲ್ಲಿ ರೋಗಿಯ ಮುಖ ನೋಡಿ ಬಣ್ಣ ಹಾಕುವ ಕಾರ್ಖಾನೆ ಎಷ್ಟಿವೆ? ಓದಿದವನಿಗೆ ಆ ಒಂದು ಸಾಲಿನಲ್ಲೇ ಗೊತ್ತಾಗುತ್ತದೆ. ಪರಿಶೀಲನೆಯವರೂ ಓದುತ್ತಾರೆ, ಓದುವುದೇ ಅವರ ಕೆಲಸ. ಉಳಿದ ಹತ್ತೂ ಘಟಕಗಳು ಹೌದು ಎಂದಿವೆ ಎನ್ನುವುದು ಇನ್ನಷ್ಟು ಆಶ್ಚರ್ಯ ತಂದಿತು. ನನ್ನ ಉಳಿದ ಮೂವರೇನೋ ಹೌದು ಎಂದಿದ್ದರು. ಬೇರೆಯವರ ಏಳರಲ್ಲಿ ಒಂದಾದರೂ ಇಲ್ಲ ಇದ್ದೀತು ಎಂದುಕೊಂಡಿದ್ದೆ. ಎದುರಿಗೆ ಟೀಚರಮ್ಮ ಕೆಂಪು ಪೆನ್ನಿನ ಟೋಪಿ ಕಚ್ಚುತ್ತ ಕೂತಿದ್ದರು. ಕೇಳುವ ಹಾಗಿರಲಿಲ್ಲ, ಸಹಿ ಹಾಕಿದ್ದೆನಲ್ಲ.

ಮೇಡಂ ಹತ್ತಿರ ಹೋದೆ. "ಒಂದೇ ಇದ್ದರೆ ಯಾರು ಅಂತ ಗೊತ್ತಾಗಿಬಿಡುತ್ತೆ ಮೇಡಂ. ಕಾರಣದ ಸಾಲು ತೆಗೀಬಹುದಾ?"

"ಮೂರಕ್ಕಿಂತ ಜಾಸ್ತಿ ಇದ್ದಿದ್ರೆ ಒಟ್ಟು ಮಾಡಿ 'ಕೆಲಸದ ಅಗತ್ಯ' ಅಂತ ಹಾಕ್ತಿದ್ವಿ. ಒಂದೇ ಇದ್ರೆ ಇದ್ದದ್ದನ್ನ ಇದ್ದ ಹಾಗೇ ಹಾಕ್ಬೇಕು, ನಮೂನೇಲೇ ಹಾಗಿದೆ" ಎಂದರು. ಅವರೂ ಎರಡು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿದ ಹಾಗೆ ಕಾಣಲಿಲ್ಲ. "ಹೆಸರಿಲ್ವಲ್ಲ, ನಿಮ್ಗ್ಯಾಕೆ ತಲೆನೋವು? ಬೇಕಾದ್ರೆ ನಿಮ್ಮ ಫಾರಂ ಇನ್ನೊಂದ್ಸಲ ನೋಡಿ. ಎಷ್ಟೋ ಸಲ ಗುರುತು ಆ ಕಡೆ ಈ ಕಡೆ ಬಿದ್ದಿರುತ್ತೆ. ನಾಳೆ ಮಧ್ಯಾಹ್ನದವರೆಗೆ ತಿದ್ದಬಹುದು."

ಅವರು ಹೇಳಿದ್ದೇನೆಂದು ನನಗೆ ಅರ್ಥವಾಯಿತು. ಅರ್ಥವಾಗದವನಂತೆ ಎದ್ದು ಬಂದೆ.

ಸಂಜೆ ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಿಚುತ್ತಿದ್ದಳು. ನಾನು ಒಂದು ಟವೆಲ್ಲನ್ನು ನಾಲ್ಕು ಸಲ ಮಡಿಚಿ ಬಿಚ್ಚಿದ್ದು ನೋಡಿ, "ಏನಾಯ್ತು?" ಎಂದಳು.

"ಒಬ್ರು ನಿಜ ಹೇಳಿದ್ದಾರೆ. ಅದನ್ನ ಹಾಗೇ ಬಿಟ್ರೆ ಅವ್ರಿಗೇ ತೊಂದ್ರೆ. ತಿದ್ದಿದ್ರೆ ನಾನು ಇಷ್ಟು ವರ್ಷ ಮಾಡಿದ್ದಕ್ಕೆಲ್ಲ ಮಣ್ಣು."

"ಯಾರದು?"

"ಹೇಳೋ ಹಾಗಿಲ್ಲ."

"ನಂಗೆ ಹೇಳ್ಬೇಡಿ ಬಿಡಿ. ಅವ್ರನ್ನ ಕೇಳಿದ್ರಾ, ಏನ್ ಮಾಡ್ಲಿ ಅಂತ?"

"ನಾಳೆ ಮಧ್ಯಾಹ್ನದೊಳಗೆ ಆಗ್ಬೇಕು. ಆ ಮೆಟ್ಲು ಯಾರು ಹತ್ತುತ್ತಾರೆ?"

"ಫೋನ್ ಇದೆಯಲ್ರೀ" ಎಂದು ನನ್ನ ಕೈಯಿಂದ ಟವೆಲ್ಲು ಕಿತ್ತುಕೊಂಡಳು.

ಫೋನಿತ್ತು. ಮಾಡಲಿಲ್ಲ. ಮಾಡಿದರೆ ವಿವರಿಸಬೇಕು, ಅವಳು ಹೆದರುತ್ತಾಳೆ, ಅಳುತ್ತಾಳೆ, ಸಮಾಧಾನ ಮಾಡಬೇಕು. ನನಗೆ ಸಾಕಾಗಿತ್ತು. ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಆ ಫಾರಂ ತೆಗೆದೆ. ಇಲ್ಲ ಎಂಬಲ್ಲಿದ್ದ ಗುರುತನ್ನು ಹೊಡೆದುಹಾಕಿ ಹೌದು ಎಂಬಲ್ಲಿ ಹಾಕಿದೆ, ಹದಿನೆಂಟನೆಯ ಉತ್ತರದ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆ. ಅರ್ಧ ನಿಮಿಷದ ಕೆಲಸ. ಒಂಬತ್ತು ಜನರನ್ನು ಉಳಿಸಿದೆ ಎಂದುಕೊಂಡೆ. ಊಟವೂ ಸೇರಿತು, ಅದೇ ಈಗ ನಾಚಿಕೆ.

ವರದಿ ಅಚ್ಚಾಗಿ ಬಂದದ್ದು ಮೂರು ವಾರಕ್ಕೆ, ದಪ್ಪ ಹೊಳೆಯುವ ಹಾಳೆಯಲ್ಲಿ. 'ಸಮೀಕ್ಷೆಗೆ ಒಳಪಟ್ಟ ಎಲ್ಲ ಸಣ್ಣ ಘಟಕಗಳೂ ನಿಯಮಗಳನ್ನು ಪೂರ್ತಿಯಾಗಿ ಪಾಲಿಸುತ್ತಿವೆ. ಆದ್ದರಿಂದ ವಿನಾಯಿತಿಯ ಅಗತ್ಯ ಕಂಡುಬಂದಿಲ್ಲ.' ಎರಡು ಸಾಲು. ಓದಿ ಪುಟ ಮಗುಚಿದೆ. ಪ್ರಮಾಣಪತ್ರವಾದರೂ ಉಳಿಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಂದು ಕಣ್ಣಿನಕ್ಕನ ಫೋನು ಎರಡು ಸಲ ಬಂತು. ಎರಡು ಸಲವೂ ಅದು ಬಡಿದುಕೊಂಡು ನಿಲ್ಲುವವರೆಗೆ ನೋಡುತ್ತ ಕೂತೆ.

ವಾರ ಕಳೆದ ಮೇಲೆ ಕಚೇರಿಗೆ ಗುರುತಿನ ಚೀಟಿ ವಾಪಸ್ ಕೊಟ್ಟು ನಾವು ಮೂವರೂ ಕೆಳಗಿನ ಕ್ಯಾಂಟೀನಿನಲ್ಲಿ ಚಹಾಕ್ಕೆ ಕೂತೆವು. ಕೆಲಸ ಮುಗಿದಿತ್ತು. ಮುಗಿದ ಮೇಲೆ ನಾಲಿಗೆ ಸಡಿಲವಾಗುತ್ತದೆ.

"ಎಲ್ಲಾ ಹೌದು ಅಂತ ಬಂದಿದ್ದು ನೋಡಿ ನಂಗೆ ನಗು ತಡೆಯೋಕಾಗ್ಲಿಲ್ಲ" ಎಂದರು ಟೀಚರಮ್ಮ. "ನಾನೇ ಎರಡು ತಿದ್ದಿದ್ದೆ. ಜನ್ಮದಲ್ಲಿ ಮಕ್ಕಳ ಉತ್ತರ ತಿದ್ದಿದ್ದು ಬಿಟ್ರೆ ಇದೇ ಮೊದ್ಲು. ಪಾಪ, ಆ ಕಿವಿ ಮಿಷನ್ ಮಾಡೋರು. ನಿಜ ಹೇಳಿಬಿಟ್ರು, ಆಮೇಲೆ ಬಾಗಿಲವರೆಗೂ ಬಂದು ಕೈ ಹಿಡ್ಕೊಂಡ್ರು. ಮನೆಗೆ ಬಂದು ನಾನೇ ಹೌದು ಮಾಡ್ದೆ. ಅವ್ರೊಬ್ರೇ ಸಿಕ್ಕಿಹಾಕ್ಕೋತಾರಲ್ಲ ಅಂತ. ನಿಮ್ಗೆ ಗೊತ್ತಿರ್ಬೇಕು, ಕಣ್ಣಿನವ್ರ ಎದುರಿಗೇ ಇದ್ದಾರೆ."

ಗಡಿಯಾರ ಲೋಟ ಕೆಳಗಿಟ್ಟ. ನಗುತ್ತಿದ್ದ ಮುಖ ಹಾಗೇ ನಿಂತುಹೋಯಿತು. "ನಾನೂ ಎರಡು" ಎಂದ.

ಇಬ್ಬರೂ ನನ್ನ ಕಡೆ ನೋಡಿದರು. ನಾನು ಒಂದು ಬೆರಳು ಎತ್ತಿದೆ.

ಐದು. ಹನ್ನೊಂದರಲ್ಲಿ ಐದು. ಇದ್ದ ಹಾಗೆ ಬಿಟ್ಟಿದ್ದರೆ ಐದು ಕಾರಣಗಳೂ ಒಟ್ಟಾಗಿ 'ಕೆಲಸದ ಅಗತ್ಯ' ಎಂಬ ಒಂದು ಸಾಲಾಗುತ್ತಿತ್ತು. ಯಾರೆಂದು ಯಾರಪ್ಪನಿಗೂ ತಿಳಿಯುತ್ತಿರಲಿಲ್ಲ. ಹೆಚ್ಚುಕಡಿಮೆ ಅರ್ಧ ಜನ ಆಗುವುದಿಲ್ಲ ಎನ್ನುತ್ತಿದ್ದಾರೆಂದು ಇಲಾಖೆ ವಿನಾಯಿತಿ ಬರೆಯಬೇಕಾಗುತ್ತಿತ್ತು. ನಾವು ಮೂವರು ಒಳ್ಳೆಯವರು ಸೇರಿಕೊಂಡು, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಒಬ್ಬೊಬ್ಬರನ್ನೇ ಕಾಪಾಡಿ ಎಲ್ಲರನ್ನೂ ಮುಳುಗಿಸಿದ್ದೆವು. ಟೀಚರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಒಂದು ಮಾತು ಆಡಿದ್ರೆ ಸಾಕಿತ್ತು" ಎಂದರು. ಗಡಿಯಾರ, "ಸಹಿ ಹಾಕಿದ್ವಲ್ಲ" ಎಂದ. ಚಹಾ ಆರಿತು, ಯಾರೂ ಕುಡಿಯಲಿಲ್ಲ.

ಅಲ್ಲಿಂದ ನೇರ ಕಣ್ಣಿನ ಕಾರ್ಖಾನೆಗೆ ಹೋದೆ. ಮಂಡಿ ಹಿಡಿದುಕೊಂಡು ಎರಡು ಮಹಡಿ ಹತ್ತಿದೆ. ಕಣ್ಣಿನಕ್ಕ ವರದಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡೇ ಕೂತಿದ್ದಳು. ನನ್ನನ್ನು ಕೂರಲು ಹೇಳಲಿಲ್ಲ.

"ಇಲ್ಲಿ ಸೊನ್ನೆ ಅಂತಿದೆ. ನಾನು ಇಲ್ಲ ಅಂದಿದ್ದೆನಲ್ಲ, ಅದೆಲ್ಲಿ ಹೋಯ್ತು?"

"ನಾನೇ ತಿದ್ದಿದೆ" ಎಂದೆ. ಒಂದೇ ಇತ್ತು, ಕಾರಣವೂ ಅಚ್ಚಾಗುತ್ತಿತ್ತು, ನಿಮ್ಮ ಗುರುತು ಸಿಗುತ್ತಿತ್ತು ಎಂದೆಲ್ಲ ಹೇಳಿದೆ. ನಿಂತೇ ಹೇಳಿದೆ. ಆಮೇಲೆ ಅದು ಒಂದಲ್ಲ, ಐದು ಎಂಬುದನ್ನೂ ಹೇಳಿದೆ. ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿದ್ದನ್ನೂ ಮುರಿದು, ಎದುರಿನ ಕಿವಿ ಮಿಷನ್ನಿನವರೂ ಅದರಲ್ಲಿದ್ದರು ಎಂದೆ.

"ಎದುರಿನವರಾ?" ಅವಳು ನಕ್ಕಳು, ಆದರೆ ಆ ನಗು ನೋಡುವ ಹಾಗಿರಲಿಲ್ಲ. "ಮೊನ್ನೆ ಪರಿಶೀಲನೆಯವರು ಬರೋ ಹಿಂದಿನ ದಿನ ಆ ಮನುಷ್ಯ ಬಂದು, ನೀವೂ ಸ್ವಲ್ಪ ಶಿಸ್ತಾಗಿರಿ ಅಕ್ಕಾ, ನಾವೆಲ್ಲ ಪಾಲಿಸ್ತಿಲ್ವಾ ಅಂತ ನಂಗೇ ಬುದ್ಧಿ ಹೇಳಿ ಹೋದ."

"ನಿಮಗೆ ತೊಂದ್ರೆ ಆಗ್ಬಾರ್ದು ಅಂತ..."

"ತೊಂದ್ರೆ ಗೊತ್ತಿದ್ದೇ ಹೇಳಿದ್ದು ನಾನು. ಯೋಚನೆ ಮಾಡಿ ಅಂತ ನೀವೇ ಅಂದ್ರಿ, ಯೋಚನೆ ಮಾಡಿಯೇ ಹೇಳ್ದೆ. ನಾನು ಹೆದರಿರ್ಲಿಲ್ಲ ಸಾರ್. ಹೆದರಿದ್ದು ನೀವು. ಜೀವಮಾನವೆಲ್ಲ ಊರವ್ರನ್ನ ಪ್ರಶ್ನೆ ಕೇಳ್ತೀರಿ, ತಿದ್ಲಾ ಅಂತ ಇದೊಂದು ಕೇಳೋಕಾಗ್ಲಿಲ್ವಾ?"

ಮೆಟ್ಟಿಲು ಹತ್ತಲು ಬೇಸರವಾಗಿತ್ತು ಎಂದು ಯಾವ ಬಾಯಲ್ಲಿ ಹೇಳಲಿ?

ಕಿಟಕಿ ಪಕ್ಕದ ಮೇಜಿನಲ್ಲಿ ಈಗ ಒಬ್ಬಳು ಹುಡುಗಿ ಕೂತಿದ್ದಳು. ಎದುರಿಗೆ ಅಂಗೈಯಗಲದ ಚೀಟಿ, ಅದರಲ್ಲಿ ಒಂದೇ ಕಣ್ಣು, ಕೆಳಗೆ ನಂಬರು. ಅವಳು ಅದನ್ನು ನೋಡುತ್ತ ಬಣ್ಣ ಹಾಕುತ್ತಿದ್ದಳು. ಮಾವ ಒಳಗಿನ ಕೋಣೆಯಲ್ಲಿ ಪಾಲಿಶ್ ಯಂತ್ರದ ಮುಂದಿದ್ದರು. ನನ್ನನ್ನು ಕಂಡು ಯಂತ್ರ ನಿಲ್ಲಿಸಿದರು. ನಮ್ಮ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು.

"ಪರಿಶೀಲನೆಗೆ ಮೊದ್ಲೇ ಅವ್ಳು ಖಾನೆ ಖಾಲಿ ಮಾಡಿದ್ಲು" ಎಂದರು. "ಮುಖ ಇಲ್ದೆ ನಾನು ಬರೆಯಲ್ಲ ಅಂದೆ. ಬರೆದು ಕೆಡಿಸೋಕಿಂತ ಉಜ್ಜೋದು ವಾಸಿ. ಅವ್ಳ ಮೇಲೆ ಕೋಪ ಇಲ್ಲ, ಅವ್ಳಾದ್ರೂ ಏನ್ ಮಾಡ್ತಾಳೆ." ಏಪ್ರನ್ನಿಗೆ ಕೈ ಒರೆಸಿಕೊಂಡರು. "ಮತ್ತೆ ಯಾವಾಗ ಕೇಳೋಕೆ ಬರ್ತಾರೆ ಸ್ವಾಮಿ ನಿಮ್ಮೋರು?"

"ಮೂರು ವರ್ಷಕ್ಕೊಂದು ಸಲ."

"ಮೂರು ವರ್ಷ" ಎಂದು ಅವರು ಲೆಕ್ಕ ಹಾಕಿದರು. "ಎಪ್ಪತ್ನಾಲ್ಕು. ಆಗ್ಬಹುದು ಬಿಡಿ. ಕೈ ನಡುಗದಿದ್ರೆ ಆಯ್ತು."

ಹಾಗೆಂದು, ಅದನ್ನು ತೋರಿಸಲೆಂಬಂತೆ, ಬಲಗೈಯನ್ನು ಬೆಳಕಿಗೆ ಚಾಚಿ ಹಿಡಿದರು. ಬೆರಳುಗಳು ಕಲ್ಲಿನಂತೆ ಅಲುಗದೆ ನಿಂತಿದ್ದವು. ನಡುಗುತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.